ಯಂತ್ರದ ಸಂಗೀತವೂ ಕೇಳುವ ಕಿವಿಯೂ

ಸಂಗೀತವು ಒಂದು ಘಟ್ಟವನ್ನು ಮುಗಿಸಿ ಇನ್ನೊಂದಕ್ಕೆ ಹೊರಳಿತೆಂಬುದು ಕೇಳುವವನಿಗೆ ತಿಳಿಯುವುದು ಹೇಗೆ? ಯಕ್ಷಗಾನದಲ್ಲಿ ಭಾಗವತರು ತಾಳ ಬದಲಿಸಿದೊಡನೆ, ತಾಳದ ಹೆಸರನ್ನೇ ಅರಿಯದ ಹುಡುಗನೂ ನೆಟ್ಟಗೆ ಕುಳಿತುಕೊಳ್ಳುತ್ತಾನೆ. ಅಲ್ಲಿ ಬದಲಿಸಿದವರು ಕಣ್ಣೆದುರಿಗೇ ಇದ್ದಾರೆ. ರಚಿಸಿದ್ದು ಗಣಕಯಂತ್ರವಾದರೆ ಆ ಅರಿವಿಗೆ ಏನು ಬೆಲೆ?

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಲೆಜಾರನ್ ಹಿಲ್ಲರ್ ಮತ್ತು ಲೆನರ್ಡ್ ಐಸಾಕ್ಸನ್ ಎಂಬವರು 1957ರಲ್ಲಿ ಪೂರ್ಣಗೊಳಿಸಿದ ‘ಇಲಿಯಾಕ್ ಸ್ವೀಟ್’ ಎಂಬ ಕೃತಿಯೊಂದಿದೆ. ಅದನ್ನು ನುಡಿಸುವವರು ನಾಲ್ವರು ತಂತಿವಾದ್ಯಗಾರರು. ಸ್ವರಗಳನ್ನು ಆಯ್ದುದು ಮಾತ್ರ ಯಂತ್ರ. ಗುರಿಯಿಲ್ಲದೆ ಸ್ವರಗಳನ್ನು ಹೆಕ್ಕುವುದು, ಕೊಟ್ಟ ಕಟ್ಟಳೆಗೆ ಒಪ್ಪದುದನ್ನು ತಳ್ಳುವುದು, ಇಷ್ಟೇ ಅದರ ಕೆಲಸ. ಎರಡನೆಯ ಭಾಗದ ಆರಂಭದಲ್ಲಿ ಸ್ವರಗಳನ್ನು ಜೋಡಿಸುವ ಕಟ್ಟಳೆಯೇ ಇಲ್ಲ. ಅನಂತರ ಪಾಶ್ಚಾತ್ಯ ಸಂಗೀತದ ಹಳೆಯ ಕಟ್ಟಳೆಗಳು ಒಂದೊಂದಾಗಿ ಸೇರುತ್ತ ಹೋಗುತ್ತವೆ. ಮೊದಮೊದಲು ಮುಂದಿನ ಸ್ವರ ಯಾವುದೆಂದು ಯಾರೂ ಹೇಳಲಾರರು. ಆದರೂ ಏನೊಂದೂ ಬದಲಾದಂತೆ ತೋರದು. ನಿರೀಕ್ಷೆಯೇ ಹುಟ್ಟದಲ್ಲಿ ಅದು ಮುರಿಯುವುದಾದರೂ ಹೇಗೆ? ಕಟ್ಟಳೆಗಳು ಕೂಡಿದಂತೆ ಸ್ವರಗಳು ಒಂದನ್ನೊಂದು ಅರಿತು ನಡೆಯುವಂತೆ ಕೇಳತೊಡಗುತ್ತವೆ. ಚಂಚಲವಾಗಿದ್ದ ಮನಸ್ಸೊಂದು ನೆಲೆಗೊಳ್ಳುತ್ತಿದೆಯೇನೋ ಎನಿಸುತ್ತದೆ.

ಆ ಮನಸ್ಸು ಯಂತ್ರದಲ್ಲಿಲ್ಲ. ಕಟ್ಟಳೆಗಳ ಕ್ರಮವನ್ನು ಗೊತ್ತುಮಾಡಿದವರು ಮನುಷ್ಯರು. ನಿರೀಕ್ಷೆಯನ್ನು ಕಟ್ಟಿದ್ದು ಕೇಳುವವನ ನೆನಪು. ಹಾಗೆಂದು ಕೇಳಿದ್ದೆಲ್ಲ ಭ್ರಮೆಯೆನ್ನಲಾಗದು. ಹೊರಳು ನಾದದಲ್ಲಿಯೇ ಇದೆ. ನಾವು ಎಡವುವುದು ಆ ಹೊರಳಿನಿಂದಲೇ ಕರ್ತೃವನ್ನು ಊಹಿಸುವಾಗ.

1997ರಲ್ಲಿ ಓರೆಗಾನ್ ವಿಶ್ವವಿದ್ಯಾಲಯದ ಸಭೆಯೊಂದರಲ್ಲಿ ಮೂರು ಕೃತಿಗಳನ್ನು ನುಡಿಸಲಾಯಿತು. ಒಂದು ಜರ್ಮನಿಯ ಬಾಖ್‌ನದು (1685–1750). ಒಂದು ಅಲ್ಲಿಯ ಅಧ್ಯಾಪಕ ಸ್ಟೀವ್ ಲಾರ್ಸನ್ ಬಾಖ್‌ನ ಶೈಲಿಯಲ್ಲಿ ರಚಿಸಿದ್ದು. ಇನ್ನೊಂದು ಡೇವಿಡ್ ಕೋಪ್ ಅವರ ಗಣಕಯಂತ್ರದ್ದು. ಸಭಿಕರು ಯಂತ್ರದ್ದನ್ನು ಬಾಖ್‌ನದೆಂದೂ ಲಾರ್ಸನ್ನರದನ್ನು ಯಂತ್ರದ್ದೆಂದೂ ತೀರ್ಪಿತ್ತರು. ಲಾರ್ಸನ್ ನೊಂದುಕೊಂಡರು. ಯಂತ್ರಕ್ಕೆ ದೊರೆತ ಮನ್ನಣೆಗಿಂತ ಈ ನೋವೇ ನನಗೆ ದೊಡ್ಡದಾಗಿ ಕಾಣುತ್ತದೆ. ಹೊಗಳಿದರೆ ಹಿಗ್ಗದುದಕ್ಕೆ ತಪ್ಪು ತೀರ್ಪಿನಿಂದ ಲಾಭನಷ್ಟಗಳಿಲ್ಲ. (ನಿಬಂಧ ತಿದ್ದುವಾಗ ಅಂದವಾದ ವಾಕ್ಯವೊಂದು ಕಂಡರೆ ‘ಇದು ಆ ಹುಡುಗನದಲ್ಲ’ ಎಂದುಬಿಡುವ ನಮ್ಮ ಅಭ್ಯಾಸವೂ ಇದೇ ಜಾತಿಯದು. ಕರೆದು, ಹೇಗೆ ಬರೆದೆಯೆಂದು ವಿಚಾರಿಸುವವರು ಕಡಮೆ.)

ಆದರೆ ಸಭಿಕರನ್ನು ಹಳಿಯಲೂ ನಾನು ಸಿದ್ಧನಿಲ್ಲ. ಕೋಪ್ ಅವರ ಯಂತ್ರವು ಬಾಖ್‌ನ ಕೃತಿಗಳನ್ನೇ ಬಿಡಿಸಿ, ವಿಂಗಡಿಸಿ, ಮರಳಿ ಜೋಡಿಸುತ್ತಿತ್ತು. ಆ ಹೊರಳುಗಳ ಬೀಜವು ಬಾಖ್‌ನ ಕೈಯಿಂದಲೇ ಬಂದುದು. ಅವರು ಬಾಖ್‌ನನ್ನು ಕೇಳಿದೆವೆಂದುದು ಪೂರ್ತಿ ಸುಳ್ಳೇನೂ ಅಲ್ಲ.