ಟನ್ನಿಗೂ ಆಯಸ್ಸುಂಟು

ಐಸ್‌ಲ್ಯಾಂಡಿನ ಹೆಲ್ಲಿಸ್‌ಹೇಯ್ದಿಯಲ್ಲಿ ನೆಲ ಕೊರೆದು ತೆಗೆದ ಬಸಾಲ್ಟ್ ಕಲ್ಲಿನ ಮಾದರಿಗಳಿವೆ. ಕಪ್ಪು ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಬಿಳಿಯ ಹರಳುಗಳು ಕೂತಿವೆ. ಅದು ಕ್ಯಾಲ್ಸೈಟ್. ಅದರೊಳಗಿನ ಇಂಗಾಲ ಮೊದಲು ಅನಿಲದಲ್ಲಿತ್ತು. ಕಾರ್ಬ್‌ಫಿಕ್ಸ್ ಯೋಜನೆಯವರು ಇಂಗಾಲದ ಡೈಆಕ್ಸೈಡನ್ನು ನೀರಿನಲ್ಲಿ ಕರಗಿಸಿ ಆಳಕ್ಕೆ ಇಳಿಸಿದರು. ಆಮ್ಲೀಯವಾದ ಆ ನೀರು ಕಲ್ಲಿನ ಕ್ಯಾಲ್ಸಿಯಂ ಅನ್ನು ಕರಗಿಸಿಕೊಂಡಿತು. ಇಂಗಾಲ, ಕ್ಯಾಲ್ಸಿಯಂ ಎರಡೂ ಕೂಡಿ ಮತ್ತೆ ಕಲ್ಲಾದವು. ಶತಮಾನಗಳೇ ಬೇಕೆಂದು ತಿಳಿದಿದ್ದ ಈ ಕ್ರಿಯೆ ಎರಡು ವರ್ಷದೊಳಗೆ ಶೇ 95ಕ್ಕೂ ಹೆಚ್ಚು ಮುಗಿದಿದೆ ಎಂದು 2016ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು.

ಅದೇ ಜಾಗದಲ್ಲಿ 2021ರಲ್ಲಿ ಓರ್ಕಾ ಎಂಬ ಸ್ಥಾವರ ಶುರುವಾಯಿತು. ದೊಡ್ಡ ದೊಡ್ಡ ಫ್ಯಾನುಗಳು ಗಾಳಿಯನ್ನು ಎಳೆದುಕೊಳ್ಳುತ್ತವೆ, ಶೋಧಕಗಳು ಇಂಗಾಲದ ಡೈಆಕ್ಸೈಡನ್ನು ಹಿಡಿಯುತ್ತವೆ, ಸುಮಾರು 100 ಡಿಗ್ರಿಗೆ ಕಾಯಿಸಿದಾಗ ಅದನ್ನು ಬಿಡುತ್ತವೆ; ಅದೂ ಹೀಗೆಯೇ ಕಲ್ಲಿನ ಆಳಕ್ಕೆ ಇಳಿಯುತ್ತದೆ. ಗಾಳಿಯ ಹತ್ತು ಸಾವಿರ ಅಣುಗಳಲ್ಲಿ ಬೇಕಾದವು ನಾಲ್ಕೇ ಆದ್ದರಿಂದ ಈ ಕೆಲಸಕ್ಕೆ ಅಪಾರ ಶಕ್ತಿ ಬೇಕು. ಸ್ಥಾವರದ ಘೋಷಿತ ಸಾಮರ್ಥ್ಯ ವರ್ಷಕ್ಕೆ 4,000 ಟನ್. ನಾವು ಕಲ್ಲಿದ್ದಲು, ಎಣ್ಣೆ, ಅನಿಲ ಸುಟ್ಟು ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಹೊರಬಿಡುತ್ತೇವೆ. ಲೆಕ್ಕ ಹಾಕಿ ನೋಡಿ: ಆ ಸ್ಥಾವರ ಇಡೀ ವರ್ಷ ದುಡಿದರೂ ತೆಗೆಯುವುದು ಜಗತ್ತಿನ ನಾಲ್ಕು ಸೆಕೆಂಡಿನ ಹೊಗೆಯನ್ನೂ ಅಲ್ಲ.

ಹಾಗೆಂದು ಇದನ್ನು ತಳ್ಳಿಹಾಕುವಂತಿಲ್ಲ. ಸಿಮೆಂಟು, ವಿಮಾನಯಾನ, ಭತ್ತದ ಗದ್ದೆಗಳ ಹೊರಸೂಸುವಿಕೆ ಪೂರ್ತಿ ನಿಲ್ಲುವಂಥದ್ದಲ್ಲ. ಬಿಟ್ಟಷ್ಟನ್ನೂ ತೆಗೆಯುವ ನಿವ್ವಳ ಶೂನ್ಯ ಮುಟ್ಟಬೇಕಾದರೆ ಗಾಳಿಯಿಂದ ಇಂಗಾಲ ತೆಗೆಯುವುದು ಅನಿವಾರ್ಯ ಎಂದು ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ ಐಪಿಸಿಸಿ 2022ರಲ್ಲೇ ಹೇಳಿದೆ. ಯಾವ ವಿಧಾನವನ್ನು ಯಾವ ಅಳತೆಯಿಂದ ತೂಗಬೇಕು ಎಂಬುದೇ ನನ್ನನ್ನು ಕಾಡುವ ಪ್ರಶ್ನೆ.

ಮರ ಬೆಳೆಸುವುದೂ ಇಂಗಾಲ ತೆಗೆಯುವ ದಾರಿಯೇ. ಟನ್ನಿಗೆ ಎಷ್ಟು ಖರ್ಚು ಎಂದು ಕೇಳಿದರೆ ಮರ ಗೆಲ್ಲುತ್ತದೆ. ಎಷ್ಟು ಕಾಲ ಉಳಿಯುತ್ತದೆ ಎಂದು ಕೇಳಿದರೆ ಕಲ್ಲು ಗೆಲ್ಲುತ್ತದೆ. ನಾವು ಇಂದು ಬಿಟ್ಟ ಹೊಗೆಯ ಒಂದು ಪಾಲು ಸಾವಿರಾರು ವರ್ಷ ವಾತಾವರಣದಲ್ಲೇ ಇರುತ್ತದೆ. 2021ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಕಾಳ್ಗಿಚ್ಚು ಎದ್ದಾಗ, ಬಿಟ್ಟ ಹೊಗೆಗೆ ಬದಲಿಯಾಗಿ ಕೊಳ್ಳುವ ಕಾರ್ಬನ್ ಕ್ರೆಡಿಟ್ ಲೆಕ್ಕಕ್ಕೆ ಸೇರಿದ್ದ ಕಾಡೂ ಉರಿಯಿತು. ಆ ಮರಗಳ ಹೆಸರಿನಲ್ಲಿ ಮನ್ನಾ ಆಗಿದ್ದ ಹೊಗೆ ಮಾತ್ರ ಮೇಲೆಯೇ ಇದೆ. ದಾಖಲೆಯಲ್ಲಿ ಮರದ ಟನ್ನೂ ಕಲ್ಲಿನ ಟನ್ನೂ ಒಂದೇ ಎಂದು ಬರೆದುಕೊಂಡವರು ಮೊಮ್ಮಕ್ಕಳ ಕಾಲದ ಮೇಲೆ ಹೊರೆ ದಾಟಿಸುತ್ತಿದ್ದಾರೆ, ಅವರನ್ನು ಕೇಳದೆಯೇ.

ಭಾರತವೂ 2030ರೊಳಗೆ ಅರಣ್ಯ ಮತ್ತು ಮರಗಳ ಮೂಲಕ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೆಚ್ಚುವರಿ ಇಂಗಾಲ ಹಿಡಿದಿಡುವುದಾಗಿ ಮಾತು ಕೊಟ್ಟಿದೆ. ಕಾಡು ಬೇಕು, ನೀರಿಗೆ, ನೆರಳಿಗೆ, ಪ್ರಾಣಿಗಳಿಗೆ ಬೇಕು. ಆದರೆ ಗುರಿ ತಲುಪುವ ಆತುರದಲ್ಲಿ ಚಿತ್ರದುರ್ಗದ ಕಾವಲುಗಳಂಥ ಹುಲ್ಲುಗಾವಲುಗಳನ್ನು ಬರಡು ಭೂಮಿ ಎಂದು ಬಗೆದು ಸಸಿ ನೆಟ್ಟರೆ, ಹುಲ್ಲಿನ ಬೇರಡಿ ಆಗಲೇ ಇರುವ ಇಂಗಾಲವನ್ನು ಕೆದಕಿದಂತಾಗುತ್ತದೆ. ಕುರಿಗಾಹಿಗಳ ಮೇವೂ ಹೋಗುತ್ತದೆ.

ನಡುವಿನ ದಾರಿಯೊಂದಿದೆ. ಬಸಾಲ್ಟ್ ಪುಡಿಯನ್ನು ಹೊಲಕ್ಕೆ ಹರಡಿದರೆ ಮಳೆನೀರಿನ ಜೊತೆ ಅದು ಶಿಥಿಲವಾಗುತ್ತ ಇಂಗಾಲವನ್ನು ಹಿಡಿಯುತ್ತದೆ. ಭಾರತದ ಸಣ್ಣ ರೈತರ ಹೊಲಗಳಲ್ಲಿ ಇದನ್ನು ಮಾಡುತ್ತಿರುವ ಮಾಟಿ ಕಾರ್ಬನ್ ಸಂಸ್ಥೆಗೆ 2025ರಲ್ಲಿ ಇಂಗಾಲ ತೆಗೆಯುವ ಎಕ್ಸ್‌ಪ್ರೈಜ್ ಸ್ಪರ್ಧೆಯ ಮೊದಲ ಬಹುಮಾನ ಬಂತು. ಬೀದರ್, ವಿಜಯಪುರಗಳ ಎರೆಭೂಮಿ ಹುಟ್ಟಿದ್ದೂ ಇದೇ ಬಗೆಯ ಕಲ್ಲು ಯುಗಯುಗಾಂತರ ಕರಗಿ. ಪ್ರಕೃತಿ ನಿಧಾನವಾಗಿ ಮಾಡಿದ್ದನ್ನು ಅವಸರಪಡಿಸುವ ಈ ಪ್ರಯತ್ನದಲ್ಲಿ ನನಗೆ ಭರವಸೆಯಿದೆ. ಕಷ್ಟವಿರುವುದು ಅಳತೆಯಲ್ಲಿ. ಫ್ಯಾನಿನ ಸ್ಥಾವರದಲ್ಲಿ ಮೀಟರು ನೋಡಿ ಹೇಳಬಹುದು. ಇಲ್ಲಿ ಮಣ್ಣು, ಮಳೆ, ಹಳ್ಳ, ನದಿಗಳ ಬೆನ್ನುಹತ್ತಬೇಕು. ಪುಡಿಯಲ್ಲಿರಬಹುದಾದ ನಿಕ್ಕಲ್, ಕ್ರೋಮಿಯಂಗಳ ಮೇಲೂ ಕಣ್ಣಿಡಬೇಕು; ಅನ್ನ ಬೆಳೆಯುವ ಹೊಲ ಅದು.

ಯುರೋಪಿಯನ್ ಒಕ್ಕೂಟ 2024ರ ಕಾನೂನಿನಲ್ಲಿ ಹಲವು ಶತಮಾನ ಉಳಿಯುವ ಇಂಗಾಲವನ್ನೂ, ಕನಿಷ್ಠ 35 ವರ್ಷ ಉಳಿಯುವ ವಸ್ತುಗಳಲ್ಲಿನ ಇಂಗಾಲವನ್ನೂ, ಹೊಲ-ಕಾಡುಗಳಲ್ಲಿ ತಾತ್ಕಾಲಿಕವಾಗಿ ನಿಲ್ಲುವುದನ್ನೂ ಬೇರೆ ಬೇರೆ ಮಾಡಿದೆ. ನಮ್ಮ ದೇಶ 2023ರಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಯನ್ನು ಅಧಿಸೂಚಿಸಿತು. ಅದರ ನಿಯಮ ಬರೆಯುವವರು ಪ್ರತಿ ಟನ್ನಿನ ಮುಂದೆ ಅದರ ಆಯಸ್ಸನ್ನೂ ನಮೂದಿಸಲಿ. ಹೊಗೆ ಕಡಿಮೆ ಮಾಡಿದ ಲೆಕ್ಕ, ಹೊಗೆ ತೆಗೆದ ಲೆಕ್ಕ ಎರಡನ್ನೂ ಬೇರೆ ಬೇರೆ ಖಾತೆಯಲ್ಲಿಡಲಿ. ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಲು ಯಾರಿಗೂ ಅವಕಾಶ ಕೊಡಬಾರದು.