ಮಾಡಿದ್ದನ್ನೇ ಮತ್ತೆ ಮಾಡುವುದು

ಒಬ್ಬರು ಮಾಡಿ ಮುಗಿಸಿದ ಕೆಲಸವನ್ನು ಮತ್ತೊಬ್ಬರು ಮೊದಲಿನಿಂದ ಮಾಡುವುದು ಕಾಲದ ಅಪವ್ಯಯವಲ್ಲವೇ? ಗಣಕಯಂತ್ರಗಳಿಗೆ ತಂತ್ರಾಂಶ ಬರೆಯುವ ತರುಣರನ್ನು ಈ ಪ್ರಶ್ನೆ ದಿನವೂ ಕಾಡುತ್ತದೆ. ಅವರಿಗೆ ಬೇಕಾದುದೆಲ್ಲ ಸಿದ್ಧವಾಗಿ ದೊರೆಯುತ್ತದೆ. ಈಗಂತೂ ಕೇಳಿದೊಡನೆ ಯಂತ್ರವೇ ಬರೆದುಕೊಡುತ್ತದೆ. ನಮ್ಮ ಓದುಗರಲ್ಲಿಯೂ ಈ ವೃತ್ತಿಯವರು ಉಂಟಾದುದರಿಂದ ವಿಷಯವು ವಿಚಾರಾರ್ಹವಾಗಿದೆ.

ಯೂನಿಕ್ಸ್ ಎಂಬುದು ಯಂತ್ರದ ಸಮಸ್ತ ವ್ಯವಹಾರವನ್ನೂ ನಿರ್ವಹಿಸುವ ತಂತ್ರಾಂಶ. ಅದರ 1979ರ ಆವೃತ್ತಿಯ ಮೂಲಬರಹವನ್ನು ತರಗತಿಗಳಲ್ಲಿ ಬೋಧಿಸಕೂಡದೆಂದು ಒಡೆತನದ ಸಂಸ್ಥೆಯು ನಿರ್ಬಂಧಿಸಿತು. ಆಮ್‌ಸ್ಟರ್‌ಡ್ಯಾಮಿನ ಪ್ರಾಧ್ಯಾಪಕ ಆಂಡ್ರ್ಯೂ ಟಾನೆನ್‌ಬಾಮ್ ಅವರು ಅದರಂತೆಯೇ ನಡೆಯುವ, ಆದರೆ ಅದರ ಸಾಲುಗಳನ್ನು ಎತ್ತಿಕೊಳ್ಳದ ಮಿನಿಕ್ಸ್ ಎಂಬ ಕಿರಿಯ ವ್ಯವಸ್ಥೆಯನ್ನು ತಾವೇ ಬರೆದು, 1987ರಲ್ಲಿ ಪಠ್ಯಪುಸ್ತಕದೊಡನೆ ಪ್ರಕಟಿಸಿದರು. ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆ ಪುಸ್ತಕವನ್ನು ಓದಿದ. ಹೊಸದಾಗಿ ಕೊಂಡ ಯಂತ್ರದ ಒಳಗನ್ನು ಅರಿಯಲೆಂದು 1991ರಲ್ಲಿ, ವಿಶ್ವವಿದ್ಯಾನಿಲಯದ ಗಣಕದೊಡನೆ ಸಂಪರ್ಕ ಕಲ್ಪಿಸುವ ಪುಟ್ಟ ತಂತ್ರಾಂಶವೊಂದನ್ನು ಬರೆದ. ಅಂಥವು ಆಗಲೇ ಇದ್ದವು! ಕಡತಗಳನ್ನು ತಂದಿರಿಸಲು ಡಿಸ್ಕನ್ನು ನಡೆಸುವ ಭಾಗ ಬೇಕಾಯಿತು, ಅದನ್ನೂ ಬರೆದ, ಬಳಿಕ ಕಡತಗಳ ವ್ಯವಸ್ಥೆಯನ್ನು. ಹೀಗೆ ಬೆಳೆದುದೇ ಲಿನಕ್ಸ್. ಇಂದು ಆಂಡ್ರಾಯ್ಡ್ ಫೋನುಗಳ ಒಡಲಲ್ಲಿ ಇರುವುದು ಅದೇ.

ಈ ಕೀರ್ತಿಯನ್ನು ಕಂಡು ಮರುಳಾಗಬೇಕಿಲ್ಲ. ಲಿನಕ್ಸನ್ನು ಯಾರೂ ಬಳಸದೆ ಹೋಗಿದ್ದರೂ ಆ ವಿದ್ಯಾರ್ಥಿಯ ಗಳಿಕೆ ಗಳಿಕೆಯೇ. ಬಳಸುವವನಿಗೆ ಫಲ ಮಾತ್ರ ಕಾಣುತ್ತದೆ. ಕಟ್ಟುವವನಿಗೆ ಹಿಂದಿನವರು ತೊರೆದ ದಾರಿಗಳೂ, ತೊರೆದ ಕಾರಣವೂ ಕಾಣುತ್ತವೆ. ಕಡತವನ್ನು ಬರೆಯುತ್ತಿರುವಾಗಲೇ ವಿದ್ಯುತ್ತು ಹೋದರೆ ಏನುಳಿಯಬೇಕು? ಇಬ್ಬರು ಒಂದನ್ನೇ ಏಕಕಾಲಕ್ಕೆ ತಿದ್ದಿದರೆ ಯಾರ ತಿದ್ದುಪಡಿ ನಿಲ್ಲಬೇಕು? ಇಂಥ ಪ್ರಶ್ನೆಗಳು ಸಿದ್ಧವಸ್ತುವಿನ ಹೊರಮೈಯಲ್ಲಿ ಕಾಣಸಿಗುವುದಿಲ್ಲ. ಮೂಲದವರ ಹೆಸರನ್ನು ಮರೆಸದಿದ್ದಲ್ಲಿ ಇದು ಕಳವೂ ಅಲ್ಲ.

ಆದರೆ ಇಲ್ಲಿ ಧರ್ಮಸೂಕ್ಷ್ಮವೊಂದುಂಟು. ಕಲಿಯಲೆಂದು ಕಟ್ಟಿದುದನ್ನು ಕೆಡಹುವ ಸ್ವಾತಂತ್ರ್ಯ ಕಟ್ಟಿದವನಿಗಿದೆ. ಅದನ್ನೇ ನಂಬಿ ಹಣವಿಟ್ಟವರಿಗೆ ಆ ಸ್ವಾತಂತ್ರ್ಯವಿಲ್ಲ. ಗುಪ್ತಲಿಪಿಯ ವಿಷಯದಲ್ಲಿ ಇದು ಸ್ಪಷ್ಟ. ಸ್ವಂತ ಗುಪ್ತಲಿಪಿಯನ್ನು ರಚಿಸಿ, ಗೆಳೆಯನಿಗೆ ಕೊಟ್ಟು, ಅವನು ಅದನ್ನು ಒಡೆಯುವುದನ್ನು ನೋಡುವುದು ಉತ್ತಮ ಶಿಕ್ಷಣ. ಪರರ ಹಣಕ್ಕೆ ಅದನ್ನೇ ಕಾವಲಿಡುವುದು ಅನ್ಯಾಯ. 1994ರಲ್ಲಿ ಬಂದ ಮೈಫೇರ್ ಎಂಬ ಕಾರ್ಡಿನಲ್ಲಿ, ಬಹಿರಂಗವಾಗಿ ಪರೀಕ್ಷಿತವಾದ ವಿಧಾನದ ಬದಲು, ತಯಾರಕರು ಗುಟ್ಟಾಗಿ ರಚಿಸಿಕೊಂಡ 48 ಬಿಟ್ ಕೀಲಿಯ ಲಿಪಿಯಿತ್ತು. ಅಗ್ಗದ ಚಿಪ್ಪಿಗೆ ಮಿತಿಗಳಿದ್ದುವೆಂಬುದು ನಿಜ. ಗುಟ್ಟನ್ನೇ ರಕ್ಷೆಯೆಂದು ನೆಚ್ಚಿದ್ದು ಮಾತ್ರ ಒಪ್ಪತಕ್ಕದ್ದಲ್ಲ. ಲಂಡನ್ನಿನಲ್ಲಿಯೂ ನೆದರ್ಲೆಂಡ್ಸಿನಲ್ಲಿಯೂ ಜನರು ಪ್ರಯಾಣದ ಹಣವನ್ನು ಅಂಥ ಕಾರ್ಡುಗಳಲ್ಲಿಯೇ ಇರಿಸಿದ್ದರು. 2008ರಲ್ಲಿ ನೈಮೇಖನ್ ನಗರದ ರಾಡ್‌ಬೌಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಅದನ್ನು ಭೇದಿಸಿದರು. ಕಾರ್ಡಿನ ನಡೆಯನ್ನು ಗಮನಿಸಿ, ಒಳಗಿನ ಲಿಪಿಯನ್ನು ತಾವೇ ಮರಳಿ ಕಟ್ಟಿ, ಅದರ ದೋಷವನ್ನು ಕಂಡುಕೊಂಡರು. ತಯಾರಕರು ಪ್ರಕಟಣೆಯನ್ನು ತಡೆಯಲು ನ್ಯಾಯಾಲಯಕ್ಕೆ ಹೋದರು. ನ್ಯಾಯಾಲಯವು ಆ ವರ್ಷದ ಜುಲೈ ತಿಂಗಳಲ್ಲಿ ತಡೆಯನ್ನು ನಿರಾಕರಿಸಿತು.