ಅಧ್ಯಾಪಕನ ಸತ್ಯವೂ ಅನ್ನದ ಭಯವೂ

ಅನ್ನದ ಭಯಕ್ಕೆ ಸಿಕ್ಕಿದವನು ಸತ್ಯವನ್ನು ನುಡಿಯಲು ಬದ್ಧನೆ? ಬದ್ಧನಾದರೆ ಎಷ್ಟರಮಟ್ಟಿಗೆ? ಈ ಪ್ರಶ್ನೆಯು ಎಲ್ಲ ಉದ್ಯೋಗಗಳಲ್ಲಿಯೂ ಏಳತಕ್ಕುದೇ ಆದರೂ ಅಧ್ಯಾಪಕನ ವಿಷಯದಲ್ಲಿ ಬೇರೊಂದು ತೀಕ್ಷ್ಣತೆಯನ್ನು ತಾಳುತ್ತದೆ. ನೇಕಾರನು ಅಂಜಿಕೆಯಿಂದ ನೇಯ್ದರೂ ಬಟ್ಟೆ ಬಟ್ಟೆಯೇ. ಅಧ್ಯಾಪಕನು ಅಂಜಿಕೆಯಿಂದ ಕಲಿಸಿದರೆ ಅವನು ಕೊಡುವ ವಸ್ತುವೇ ಕೆಡುತ್ತದೆ. ಏಕೆಂದರೆ 'ನಿನಗೆ ಇದು ಬಂದಿದೆ, ಇದು ಬಂದಿಲ್ಲ' ಎಂಬ ನಿಜದ ನುಡಿಯೇ ಅವನ ಕೊಡುಗೆಯ ತಿರುಳು. ಅಮೆರಿಕ ದೇಶದ ಲಾಭೋದ್ದೇಶದ ಕಾಲೇಜುಗಳು ಕಳೆದ ಹದಿನೈದು ವರ್ಷಗಳಲ್ಲಿ ಕುಗ್ಗುತ್ತ ಬಂದ ಬಗೆಯನ್ನು ನೋಡಿದವರಿಗೆ ಇದು ಕಲ್ಪಿತ ಸಮಸ್ಯೆಯಲ್ಲವೆಂಬುದು ವೇದ್ಯವಾಗುವುದು.

ಲಾಭೋದ್ದೇಶದ ಕಾಲೇಜು ಎಂದರೆ ಒಡೆಯರಿಗೆ ಲಾಭವನ್ನು ಹಂಚುವ ಸಲುವಾಗಿ ನಡೆಯುವ ವಿದ್ಯಾಸಂಸ್ಥೆ. ನಮ್ಮ ದೇಶದ ಕಾನೂನು ಇಂಥದನ್ನು ಒಪ್ಪುವುದಿಲ್ಲ. ಟಿ. ಎಂ. ಎ. ಪೈ ಪ್ರತಿಷ್ಠಾನಕ್ಕೂ ಕರ್ನಾಟಕ ರಾಜ್ಯಕ್ಕೂ ನಡೆದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಮೂರ್ತಿಗಳ ಪೀಠವು 2002ರಲ್ಲಿ ಸಂಸ್ಥೆಯ ಬೆಳವಣಿಗೆಗೆ ತಕ್ಕ ಉಳಿತಾಯವನ್ನು ಒಪ್ಪಿ ಲಾಭಕೋರತನವನ್ನು ನಿರಾಕರಿಸಿತು. (ಕಾಗದದ ಮೇಲಿನ ಈ ಮಾತು ನೆಲದ ಮೇಲೆ ಎಷ್ಟು ನಡೆದಿದೆಯೆಂಬುದನ್ನು ಮಕ್ಕಳನ್ನು ಓದಿಸಿದ ಗೃಹಸ್ಥರು ಬಲ್ಲರು.) ಅಮೆರಿಕದಲ್ಲಾದರೋ ಅದು ಬಹಿರಂಗ ವ್ಯಾಪಾರ. ಪ್ರಾಧ್ಯಾಪಕರಾಗಿದ್ದ ಜಾನ್ ಸ್ಪರ್ಲಿಂಗ್ ಎಂಬವರು 1976ರಲ್ಲಿ ಸ್ಥಾಪಿಸಿದ ಫೀನಿಕ್ಸ್ ವಿಶ್ವವಿದ್ಯಾನಿಲಯದ ಒಡೆತನದ ಕಂಪನಿಯು 1994ರಲ್ಲಿ ಷೇರುಪೇಟೆಯನ್ನು ಪ್ರವೇಶಿಸಿತು. 2010ರ ಸುಮಾರಿಗೆ ಅಲ್ಲಿನ ವಿದ್ಯಾರ್ಥಿಗಳ ಸಂಖ್ಯೆ ನಾಲ್ಕೂವರೆ ಲಕ್ಷವನ್ನು ಮೀರಿತ್ತು. ಆಮೇಲೆ ಸರ್ಕಾರದ ದೃಷ್ಟಿ ಬಿಗಿಯಾಯಿತು, ಸೇರುವವರು ಕಡಮೆಯಾದರು. 2012ರಲ್ಲಿ 115 ಕೇಂದ್ರಗಳನ್ನು ಮುಚ್ಚುವುದಾಗಿ ಕಂಪನಿಯೇ ಸಾರಿತು.

ಇಂಥ ಸಂಸ್ಥೆಯ ಅಧ್ಯಾಪಕನ ಸ್ಥಿತಿಯನ್ನು ಕೊಂಚ ವಿಚಾರಿಸೋಣ. ಬಹುಮಂದಿಗೆ ಅಲ್ಲಿ ಕಾಯಂ ಹುದ್ದೆಯೆಂಬುದಿಲ್ಲ. ಒಂದೊಂದು ಪಾಠಕ್ರಮಕ್ಕೆ ಒಂದೊಂದು ಕರಾರು; ಆ ಪಾಠಕ್ರಮವೂ ಐದಾರು ವಾರಗಳದು. ಮುಂದಿನ ಕರಾರು ಬರುವುದೆಂಬ ಭರವಸೆಯಿಲ್ಲ. ಸೇರಿದವರು ಕಡಮೆಯಾದರೆ ತರಗತಿಯೇ ರದ್ದು, ತರಗತಿ ರದ್ದಾದರೆ ಸಂಭಾವನೆಯೂ ಇಲ್ಲ. ಪಾಠಕ್ಕಿರುವ ಬೆಲೆ ಎಷ್ಟೆಂಬುದಕ್ಕೆ ಒಂದು ಲೆಕ್ಕವುಂಟು. ಇಂಥ 30 ಕಂಪನಿಗಳನ್ನು ಶೋಧಿಸಿ ಅಮೆರಿಕದ ಸೆನೆಟ್ಟಿನ ಸಮಿತಿಯೊಂದು 2012ರಲ್ಲಿ ಪ್ರಕಟಿಸಿದ ವರದಿಯಂತೆ, ಆದಾಯದಲ್ಲಿ ನೂರಕ್ಕೆ 22.7ರಷ್ಟು ಪ್ರಚಾರಕ್ಕೂ ವಿದ್ಯಾರ್ಥಿಗಳನ್ನು ಸೆಳೆಯುವುದಕ್ಕೂ, 19.4ರಷ್ಟು ಲಾಭಕ್ಕೂ ಹೋಗಿ ಬೋಧನೆಗೆ ದೊರೆತದ್ದು 17.2. ವಿದ್ಯಾರ್ಥಿಗಳನ್ನು ಕರೆತರುವ ಕೆಲಸಕ್ಕೆ 35,202 ಜನ. ಓದು ಮುಗಿಸಿದವರಿಗೆ ಉದ್ಯೋಗ ಹುಡುಕಲು ನೆರವಾಗುವುದಕ್ಕೆ 3,512 ಜನ.

ಇನ್ನು ಅವನ ಮುಂದೆ ಕುಳಿತ ವಿದ್ಯಾರ್ಥಿಯನ್ನು ನೋಡಿರಿ. ಹಗಲೆಲ್ಲ ದುಡಿದು ದಣಿದು ಬಂದ ಗೃಹಸ್ಥ, ಅಥವಾ ಎರಡು ಮಕ್ಕಳ ತಾಯಿ. ಬರೆದ ಪ್ರಬಂಧ ಉತ್ತೀರ್ಣವಾಗತಕ್ಕುದಲ್ಲ. ಅನುತ್ತೀರ್ಣನೆಂದು ಬರೆದರೆ ಅವನು ಕಾಲೇಜನ್ನು ಬಿಟ್ಟಾನು. ಅಂಥವರು ನಾಲ್ವರು ಬಿಟ್ಟರೆ ಮುಂದಿನ ತರಗತಿ ನಡೆಯದು. ಸುಳ್ಳು ಅಂಕ ಹಾಕೆಂದು ಅಧ್ಯಾಪಕನಿಗೆ ಯಾರೂ ಆಜ್ಞಾಪಿಸಬೇಕಾಗಿಲ್ಲ. ಅವನ ಮನೆಯ ಬಾಡಿಗೆಯೇ ಕೈ ಹಿಡಿದು ಬರೆಯಿಸುತ್ತದೆ. ಆಜ್ಞೆಯಾಗಿದ್ದರೆ ಪ್ರತಿಭಟಿಸಬಹುದಾಗಿತ್ತು, ಆಜ್ಞಾಪಿಸಿದವನನ್ನು ಹಿಡಿದು ಕೇಳಬಹುದಾಗಿತ್ತು. ಅಭದ್ರತೆಯ ಕ್ರೌರ್ಯವಿರುವುದು ಇಲ್ಲಿಯೇ: ಒಡೆಯನ ಇಚ್ಛೆಯನ್ನು ಆಳು ತನ್ನದೇ ವಿವೇಕವೆಂದು ಭ್ರಮಿಸುವಂತೆ ಮಾಡುತ್ತದೆ.

ಹಾಗಾದರೆ ಅವನ ಹೊಣೆ ಎಷ್ಟು? ಕೆಲಸ ಕಳೆದುಕೊಂಡರೂ ಎಲ್ಲವನ್ನೂ ಸಾರಿಬಿಡಲಿ ಎನ್ನುವುದು ಉಂಡವರ ಉಪದೇಶವಾದೀತು. ಕಾಲೇಜು ಮುಚ್ಚುವುದೆಂಬ ಗಾಳಿಮಾತನ್ನು ತರಗತಿಯಲ್ಲಿ ಹರಡುವುದು ಅವನ ಧರ್ಮವೇನಲ್ಲ. ತನಗೆ ಗೊತ್ತಿಲ್ಲದುದನ್ನು ನುಡಿಯದಿರುವುದೂ ಸತ್ಯವೇ. ಆದರೆ ಗೊತ್ತಿದ್ದುದರ ವಿಷಯ ಹಾಗಲ್ಲ. ಇಲ್ಲಿ ಗಳಿಸಿದ ಕ್ರೆಡಿಟ್ಟುಗಳನ್ನು ಇತರ ಕಾಲೇಜುಗಳು ಅನೇಕ ವೇಳೆ ಮನ್ನಿಸುವುದಿಲ್ಲವೆಂಬುದೂ, ಅರ್ಧದಲ್ಲಿ ಬಿಟ್ಟರೂ ಸಾಲ ವಿದ್ಯಾರ್ಥಿಯ ಹೆಸರಿನಲ್ಲಿಯೇ ನಿಲ್ಲುವುದೆಂಬುದೂ ಅಧ್ಯಾಪಕನಿಗೆ ಗೊತ್ತು. ಮುಂದಿನ ಅವಧಿಗೆ ಇನ್ನೂ ಸಾಲ ಮಾಡಲೇ ಎಂದು ವಿದ್ಯಾರ್ಥಿ ಕೇಳಿದಾಗ 'ಮೊದಲು ಪಕ್ಕದ ಕಾಲೇಜಿನಲ್ಲಿ ವಿಚಾರಿಸು' ಎಂಬಷ್ಟನ್ನಾದರೂ ಅವನು ಹೇಳಲೇಬೇಕು. ಹಸಿವು ಅವನ ಮೌನವನ್ನು ಕ್ಷಮಿಸೀತು, ಸುಳ್ಳು ಅಂಕವನ್ನು ಕ್ಷಮಿಸಲಾರದು ಎಂದೇ ನನ್ನ ಅಭಿಪ್ರಾಯ. ಕೇಳಿದಾಗಿನ ಮೌನವು ಇವೆರಡರಲ್ಲಿ ಯಾವುದಕ್ಕೆ ಹತ್ತಿರವೆಂಬುದನ್ನು ವಾಚಕರೇ ವಿವೇಚಿಸಲಿ.

ಸತ್ಯಶುದ್ಧ ಕಾಯಕದ ಮಾತು ಬಂದಾಗ ಆಯ್ದಕ್ಕಿ ಮಾರಯ್ಯನನ್ನೂ ಲಕ್ಕಮ್ಮನನ್ನೂ ನೆನೆಯುವುದು ನಮ್ಮಲ್ಲಿ ರೂಢಿ. ಗಂಡನು ದಿನದ ಅಗತ್ಯಕ್ಕಿಂತ ಮಿಗಿಲಾಗಿ ಅಕ್ಕಿ ಆಯ್ದು ತಂದಾಗ ಹಿಂದಿರುಗಿಸಿ ಬಾ ಎಂದ ಆ ತಾಯಿಯ ಕಥೆಯನ್ನು ದುಡಿಯುವವರಿಗೆ ಹೇಳುವುದೇ ಹೆಚ್ಚು. ಆದರೆ ಮಾರಯ್ಯನು ನಾಳೆಯೂ ಆಯಲು ಹೋಗಬಹುದಾಗಿತ್ತು. ಅವನ ಕಾಯಕವನ್ನು ಐದು ವಾರಕ್ಕೊಮ್ಮೆ ಯಾರೂ ಕಸಿದುಕೊಳ್ಳುತ್ತಿರಲಿಲ್ಲ. ಸಾಕು ಎಂಬ ಮಾತು ನಾಳೆಯ ನಂಬಿಕೆಯಿದ್ದವನ ಬಾಯಲ್ಲಿ ಸಹಜವಾಗಿ ಬರುತ್ತದೆ. ಆದುದರಿಂದ ಲಕ್ಕಮ್ಮನ ಅಳತೆಯನ್ನು ಕರಾರಿನ ಅಧ್ಯಾಪಕನ ಮೇಲಷ್ಟೇ ಹೊರಿಸಿ, ಬೋಧನೆಗಿಂತ ಲಾಭಕ್ಕೆ ಹೆಚ್ಚು ತೆಗೆದಿಟ್ಟವನನ್ನು ಬಿಟ್ಟುಬಿಡುವುದು ಅವಳ ಮಾತನ್ನು ತಲೆಕೆಳಗು ಮಾಡಿದಂತೆ. ಅಕ್ಕಿ ಮಿಗಿಲಾದುದು ಯಾರ ಮಡಿಲಿನಲ್ಲಿ?

ಮೌನದಿಂದ ಕೆಲಸವಾದರೂ ಉಳಿಯಿತೆ? ಅದೂ ಇಲ್ಲ. 130ಕ್ಕೂ ಹೆಚ್ಚು ಶಾಖೆಗಳಿದ್ದ ಐಟಿಟಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿಗೆ ಹೊಸ ವಿದ್ಯಾರ್ಥಿಗಳನ್ನು ಸರ್ಕಾರಿ ಸಾಲದ ಮೇಲೆ ಸೇರಿಸಕೂಡದೆಂದು 2016ರ ಆಗಸ್ಟಿನಲ್ಲಿ ಸರ್ಕಾರ ಕಟ್ಟುಮಾಡಿತು. ಸೆಪ್ಟೆಂಬರ್ 6ರಂದು ಸಂಸ್ಥೆ ಬಾಗಿಲು ಹಾಕಿತು. ಎಂಟು ಸಾವಿರಕ್ಕೂ ಮಿಕ್ಕ ನೌಕರರು ಕೆಲಸ ಕಳೆದುಕೊಂಡರು. ದೊಡ್ಡ ಸಂಸ್ಥೆ ಮುಚ್ಚುವಾಗ 60 ದಿನ ಮೊದಲು ತಿಳಿಸಬೇಕೆಂಬ 1988ರ ಕಾನೂನನ್ನು ಹಿಡಿದು ಕೆಲವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಆರು ವರ್ಷಗಳ ತರುವಾಯ, 2022ರ ಆಗಸ್ಟಿನಲ್ಲಿ, ಆ ಸಂಸ್ಥೆಯಲ್ಲಿ ಓದಿದ 2,08,000 ಮಂದಿಯ 390 ಕೋಟಿ ಡಾಲರ್ ಸಾಲವನ್ನು ಅಮೆರಿಕದ ಶಿಕ್ಷಣ ಇಲಾಖೆ ಮನ್ನಾ ಮಾಡಿತು. ಮೋಸಹೋದವರು ಯಾರೆಂಬುದಕ್ಕೆ ಅಷ್ಟುಮಟ್ಟಿಗೆ ಒಂದು ಲೆಕ್ಕ ಸಿಕ್ಕಿತು. ಅವರಿಗೆ ಪಾಠ ಹೇಳಿದವರ ಲೆಕ್ಕ ಆ ಆದೇಶದಲ್ಲಿ ಇಲ್ಲ.